ಬಾಡಿಗೆಯವರ ಮಗು

ನಾನು ಹೆತ್ತ ಮಗಳನ್ನು ನನ್ನ ಮಗಳಲ್ಲ ಎಂದು ಹೇಳಿದ್ದೇನೆ. ಅವಳ ಎದುರಿಗೇ ಹೇಳಿದ್ದೇನೆ. ಆಗ ಅವಳಿಗೆ ಐದು ತುಂಬಿತ್ತು, ದೊಡ್ಡವರ ಮಾತು ಅರ್ಥವಾಗುತ್ತಿತ್ತು — ಮಗುವಿಗೇನು ತಿಳಿಯುತ್ತೆ ಎಂದುಕೊಳ್ಳುವ ಸಮಾಧಾನವೂ ನನಗಿಲ್ಲ. ಈಗ ಅವಳಿಗೆ ಹನ್ನೊಂದು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳದೆ ಇದ್ದೆ, ಗಂಡನಿಗೂ. ಬರೀ ಹೇಳದೆ ಇದ್ದಿದ್ದರೆ — ಅದೂ ಅಲ್ಲ. ಒಳ್ಳೆಯ ತಾಯಿ ಎಂಬ ಹೆಸರನ್ನೂ ತೆಗೆದುಕೊಂಡೆ. ಅದನ್ನು ನೆನೆದರೆ ಈಗಲೂ ಬಾಯಲ್ಲಿ ಹುಳಿನೀರು ಬರುತ್ತದೆ.

ಸಿಂಚನಾ ಏಳನೇ ತಿಂಗಳಿಗೇ ಹುಟ್ಟಿದವಳು. ಹುಟ್ಟಿದಾಗ ಉಸಿರು ತಡವಾಗಿ ಬಂತು, ಮೆದುಳಿಗೆ ಪೆಟ್ಟಾಯಿತು, ಕಾಲುಗಳು ಬಿಗಿದುಕೊಂಡವು. ಸೆರೆಬ್ರಲ್ ಪಾಲ್ಸಿ ಎಂದರು ಡಾಕ್ಟರು. ಬುದ್ಧಿಗೆ ಏನೂ ಆಗಿರಲಿಲ್ಲ, ಮಾತಿಗೂ ಏನೂ ಆಗಿರಲಿಲ್ಲ. ಕಾಲು ಮಾತ್ರ — ಎತ್ತಿ ನಿಲ್ಲಿಸಿದರೆ ಒಂದರ ಮೇಲೊಂದು ಕತ್ತರಿಯ ಹಾಗೆ ಹೆಣೆದುಕೊಳ್ಳುತ್ತಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಆ ಕಾಲುಗಳನ್ನು ಬಿಡಿಸಿ ಮೆಲ್ಲಗೆ ಎಳೆಯಬೇಕು, ಅವಳು ಅತ್ತರೂ ಬಿಡುವಂತಿಲ್ಲ. ಆಮೇಲೆ ಪ್ಲಾಸ್ಟಿಕ್ಕಿನ ಬ್ರೇಸ್ ತೊಡಿಸಿ ಪಟ್ಟಿ ಬಿಗಿಯಬೇಕು, ವಾಕರ್ ಹಿಡಿಸಿ ನಿಲ್ಲಿಸಬೇಕು. ನನ್ನ ಗಂಡ ಶಿವಣ್ಣ ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಕೆಲಸ ಮಾಡುವವರು. ಅಂಗಡಿಯ ವಾಕರ್ ಎತ್ತರವಾಯಿತೆಂದು ಅವರೇ ಪೈಪು ಕೊಯ್ದು, ಅವಳ ಅಳತೆಗೆ ಒಂದನ್ನು ಮಾಡಿ, ಹಳದಿ ಬಣ್ಣ ಹೊಡೆದುಕೊಟ್ಟಿದ್ದರು.

ಆಗ ನಾನು ಜಗಳಗಂಟಿಯಾಗಿದ್ದೆ. ಬಸ್ಸಿನಲ್ಲಿ ಯಾರಾದರೂ ಲೊಚಗುಟ್ಟಿದರೆ ತಿರುಗಿ ಬೀಳುತ್ತಿದ್ದೆ. ಒಂದು ಸಲ ದೇವಸ್ಥಾನದ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ ಚಪ್ಪಲಿ ಬಿಡುತ್ತಿದ್ದಾಗ ಯಾರೋ ಒಬ್ಬರು ಅವಳ ಮಡಿಲಿಗೆ ನಾಣ್ಯ ಹಾಕಿ ಹೋದರು. ಆ ಮನುಷ್ಯನ ಹಿಂದೆ ಓಡಿ, ಕೈಗೆ ವಾಪಸ್ಸು ತುರುಕಿ ಬಂದಿದ್ದೆ. ನನ್ನ ಮಗಳು ಭಿಕ್ಷೆಯವಳಲ್ಲ ಎಂದು ರಸ್ತೆಯಲ್ಲಿ ಕಿರುಚಿದ್ದೆ. ನನ್ನ ಮಗಳು — ಅಪರಿಚಿತರ ಮುಂದೆ ಆ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು!

ನಮ್ಮದು ಕುರುಬರಹಳ್ಳಿ. ಅಪ್ಪ ಕಟ್ಟಿಸಿದ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೂ ತಂಗಿ ರೂಪಳಿಗೂ ಆಸರೆಯಾಗಲೆಂದು ನಾವು ಅಲ್ಲಿಗೇ ಬಂದಿದ್ದೆವು. ಕೆಳಗೆ ನಾವೆಲ್ಲ, ಮೇಲಿನ ಮನೆ ಬಾಡಿಗೆಗೆ. ಬಾಡಿಗೆಗೆ ಇದ್ದವರು ಗದಗದ ಕಡೆಯಿಂದ ಬಂದ ಮಹಾದೇವಿ ಮತ್ತು ಅವಳ ಗಂಡ. ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಅವರಿಗೆ ಮಕ್ಕಳಿರಲಿಲ್ಲ. ಸಿಂಚನಾ ಎಂದರೆ ಮಹಾದೇವಿಗೆ ಪ್ರಾಣ. ಎತ್ತಿಕೊಂಡು ಹೋಗಿ ರೊಟ್ಟಿ ಮುರಿದು ಬೆಲ್ಲ ಇಟ್ಟು ತಿನ್ನಿಸುತ್ತಿದ್ದಳು.

ರೂಪಳಿಗೆ ಗಂಡು ಹುಡುಕುತ್ತಿದ್ದ ಕಾಲ ಅದು. ಎರಡು ಕಡೆಯವರು ಬಂದು ಹೋಗಿದ್ದರು. ಎರಡನೆಯವರು ಯಾಕೆ ಒಲ್ಲೆ ಅಂದರೆಂದು ದಲ್ಲಾಳಿಯ ಬಾಯಲ್ಲಿ ಅವ್ವನ ಕಿವಿಗೆ ಬಿತ್ತು — ‘ಆ ಮನೆ ರಕ್ತದಲ್ಲೇ ಏನೋ ದೋಷ ಇರ್ಬೇಕು, ಅಕ್ಕನ ಮಗು ನೋಡಿದ್ರಲ್ಲ.’ ಮೂರನೆಯದಾಗಿ ಕೆಂಗೇರಿಯ ಸಂಬಂಧ ಬಂತು. ಸ್ವಂತ ಮನೆ, ಬಾಡಿಗೆ ಬರುವ ಮಳಿಗೆಗಳು, ಹುಡುಗ ಬ್ಯಾಂಕಿನಲ್ಲಿ. ಭಾನುವಾರ ನೋಡಲು ಬರುತ್ತೇವೆಂದು ಹೇಳಿಕಳಿಸಿದರು.

ಶನಿವಾರ ಸಂಜೆ ಅವ್ವ ಸೊಪ್ಪು ಬಿಡಿಸುತ್ತಾ, ನನ್ನ ಮುಖ ನೋಡದೆ, “ನಾಳೆ ಒಂದೊತ್ತು ಮಗೀನ ಮಹಾದೇವಿ ತಾವ ಬುಟ್ಬಿಡವ್ವ. ಗಲಾಟೇಲಿ ಅದಕ್ಕೂ ಹಿಂಸೆ” ಎಂದಳು.

ಹಿಂಸೆ ಯಾರಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಜಗಳಗಂಟಿ ನಾನು — ಒಂದು ಎದುರು ಮಾತೂ ಆಡಲಿಲ್ಲ. “ಹೂಂ” ಎಂದೆ. ಶಿವಣ್ಣನಿಗೆ ಭಾನುವಾರ ಓವರ್‌ಟೈಮ್ ಇತ್ತು. ರಜಾ ಹಾಕಲೇ ಎಂದು ಕೇಳಿದರು. ಬೇಡ, ಬರೀ ಹೆಣ್ಣು ನೋಡೋ ಶಾಸ್ತ್ರ ತಾನೆ ಎಂದೆ. ಅವರು ಮನೆಯಲ್ಲಿದ್ದರೆ ಮಗು ಮೇಲೆ ಹೋಗುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿದೆ. ಅವ್ವ ಕೇಳಿದ್ದು ಮಗುವನ್ನು ಮೇಲೆ ಕಳಿಸು ಎಂದು ಅಷ್ಟೇ. ಗಂಡನನ್ನು ದೂರ ಇಟ್ಟದ್ದು ನಾನು. ಬೆಳಿಗ್ಗೆ ಹಳದಿ ವಾಕರನ್ನು ಬಚ್ಚಲಿಗೆ ಒಯ್ದು, ಬಕೆಟ್ಟುಗಳ ಹಿಂದೆ ಇಟ್ಟು, ಮೇಲೆ ಒದ್ದೆ ಟವೆಲ್ ಹೊದಿಸಿದ್ದೂ ನಾನು.

ಅವರು ಬಂದರು. ಹುಡುಗನ ತಾಯಿ ಜಯಮ್ಮ, ಜೊತೆಗೆ ಆರೇಳು ಜನ. ಬಜ್ಜಿ, ಕೇಸರಿಬಾತ್, ಕಾಫಿ. ಎಲ್ಲ ಸರಿಯಾಗಿ ನಡೆದಿತ್ತು. ರೂಪ ತಲೆ ತಗ್ಗಿಸಿ ಕೂತಿದ್ದಳು. ಗಂಡಸರು ಎಣ್ಣೆಗೈಯನ್ನು ಪೇಪರಿಗೆ ಒರೆಸುತ್ತಾ ಜಾಗದ ರೇಟು ಮಾತಾಡುತ್ತಿದ್ದರು. ಆಗ ಬಾಗಿಲ ಹತ್ತಿರ ಏನೋ ಸರಿದ ಸದ್ದಾಯಿತು.

ಸಿಂಚನಾ. ಮಹಾದೇವಿ ಒಗೆದ ಬಟ್ಟೆ ಹರವಲು ತಾರಸಿಗೆ ಹೋದಾಗ ಇವಳು ಕುಂಡಿ ಊರಿಕೊಂಡು ಒಂದೊಂದೇ ಮೆಟ್ಟಿಲು ಜಾರಿ ಇಳಿದು ಬಂದಿದ್ದಳು. ಬ್ರೇಸ್ ಇರಲಿಲ್ಲ, ವಾಕರ್ ಇರಲಿಲ್ಲ. ಹೊಸ್ತಿಲು ದಾಟಿ, ಮೊಣಕೈ ಊರಿ, ಕಾಲುಗಳನ್ನು ಹಿಂದೆ ಎಳೆದುಕೊಂಡು ನಡುಮನೆಗೆ ಬಂದಳು. ಫ್ರಾಕಿಗೆಲ್ಲ ಮೆಟ್ಟಿಲ ಧೂಳು. ಅಷ್ಟೆಲ್ಲ ಸಾಹಸ ಮಾಡಿದ ಹೆಮ್ಮೆಯಲ್ಲಿ ಅವಳ ಮುಖ ಅರಳಿತ್ತು. ತಾನಾಗಿಯೇ ಮೆಟ್ಟಿಲು ಇಳಿದದ್ದು ಅದೇ ಮೊದಲು. ನನ್ನನ್ನು ನೋಡಿ ನಕ್ಕಳು.

ಜಯಮ್ಮ ಲೋಟ ಕೆಳಗಿಟ್ಟರು. “ಯಾರ್ದಮ್ಮಾ ಈ ಮಗು?”

ಅವ್ವ ಗೋಡೆ ನೋಡಿದಳು. ರೂಪ ತಲೆ ಎತ್ತಲಿಲ್ಲ. ಉತ್ತರ ಹೇಳಬೇಕಾದವಳು ನಾನೊಬ್ಬಳೇ.

“ಮೇಲ್ಗಡೆ ಬಾಡಿಗೆಯವರ ಮಗು.”

ನಾಲಿಗೆ ತಡವರಿಸಲಿಲ್ಲ. ಅದನ್ನೇ ನಾನು ಮರೆಯಲಾರದೆ ಇರುವುದು. ಒಂದು ಸಲ ಉಗುಳು ನುಂಗಿದ್ದರೂ, ಒಂದು ಕ್ಷಣ ಧ್ವನಿ ಒಡೆದಿದ್ದರೂ — ಇಲ್ಲ. ರೇಷನ್ ಸೊಸೈಟಿ ಎಲ್ಲಿ ಎಂದು ಕೇಳಿದವರಿಗೆ ದಾರಿ ತೋರಿಸುವಷ್ಟು ಸಹಜವಾಗಿ ಹೇಳಿದೆ.

“ಅಯ್ಯೋ ಶಿವನೇ” ಎಂದು ಜಯಮ್ಮ ಲೊಚಗುಟ್ಟಿದರು. “ಏನ್ ಪಾಪ ಮಾಡಿದ್ರೋ ಹೆತ್ತೋರು.”

“ಹೂಂ, ಪಾಪ” ಎಂದೆ. ಹೌದು, ಅದನ್ನೂ ಹೇಳಿದೆ. ತಲೆ ಆಡಿಸಿ ಹೇಳಿದೆ.

ಸಿಂಚನಾ ನನ್ನನ್ನೇ ನೋಡುತ್ತಿದ್ದಳು. ಮುಖದ ಮೇಲಿದ್ದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಈಗ ಅಮ್ಮಾ ಎಂದು ಕೂಗುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ನನಗೆ ಭಯವಾದದ್ದು ಅವಳಿಗಾಗಿ ಅಲ್ಲ, ಸಿಕ್ಕಿಬೀಳುತ್ತೇನಲ್ಲ ಎಂದು. ಆದರೆ ಅವಳು ಕೂಗಲಿಲ್ಲ. ಒಮ್ಮೆ ರೂಪಳನ್ನು ನೋಡಿದಳು, ಒಮ್ಮೆ ಅವ್ವನನ್ನು, ಆಮೇಲೆ ನನ್ನನ್ನು. ಮೆಲ್ಲಗೆ ಕೇಳಿದಳು:

“ಆಂಟಿ, ನಂಗೂ ಸ್ವಲ್ಪ ಕೇಸರಿಬಾತ್ ಕೊಡ್ತೀರಾ?”

ಕೊಡ್ತೀಯಾ ಎನ್ನಲಿಲ್ಲ. ಕೊಡ್ತೀರಾ ಎಂದಳು. ಮಾತು ಬಂದಾಗಿನಿಂದ ‘ಬಾರೇ ಅಮ್ಮ, ಕೊಡೇ ಅಮ್ಮ’ ಎನ್ನುತ್ತಿದ್ದ ಮಗು. ಬೇರೆಯವರ ಮನೆಗೆ ಹೋದರೆ ಹೇಗೆ ಮಾತಾಡಬೇಕೆಂದು ನಾನೇ ಹೇಳಿಕೊಟ್ಟಿದ್ದೆ.

ನಾನು ಏನು ಮಾಡಿದೆ ಗೊತ್ತೇ? ಒಳಗೆ ಹೋಗಿ, ಅವಳು ದಿನಾ ತಿನ್ನುವ ಸ್ಟೀಲ್ ಬಟ್ಟಲನ್ನು ಕೈಗೆತ್ತಿಕೊಂಡು, ಮತ್ತೆ ಅಲ್ಲೇ ಇಟ್ಟೆ. ಬಾಡಿಗೆಯವರ ಮಗುವಿಗೆ ನಮ್ಮ ಮನೆಯಲ್ಲಿ ಸ್ವಂತ ಬಟ್ಟಲು ಎಲ್ಲಿಂದ ಬರಬೇಕು? ಒಂದು ಪೇಪರ್ ತಟ್ಟೆಯಲ್ಲಿ ಒಂದು ಚಮಚ ಹಾಕಿ, ತಂದು ಅವಳ ಮುಂದೆ ನೆಲದ ಮೇಲೆ ಇಟ್ಟೆ. ಅಷ್ಟು ಅಚ್ಚುಕಟ್ಟಾಗಿ ನಾಟಕವಾಡಿದೆ. “ಥ್ಯಾಂಕ್ಸ್ ಆಂಟಿ” ಎಂದಳು. ತಿನ್ನತೊಡಗಿದಳು. ನಾನು ಬಜ್ಜಿಯ ತಟ್ಟೆ ಹಿಡಿದು ಬಂದವರ ಕಡೆ ತಿರುಗಿದೆ.

ಮಹಾದೇವಿ ಏದುಸಿರು ಬಿಡುತ್ತಾ ಓಡಿಬಂದಳು. ನೆಲದ ಮೇಲಿನ ಮಗುವನ್ನು ನೋಡಿದಳು, ಪೇಪರ್ ತಟ್ಟೆಯನ್ನು ನೋಡಿದಳು. “ನಿಮ್ಮ ಮಗೂನಾ ತಾಯಿ?” ಎಂದು ಜಯಮ್ಮ ಕೇಳಿದರು. ಮಹಾದೇವಿಯ ಕಣ್ಣು ನನ್ನ ಮೇಲೆ ನಿಂತಿತು. ಆ ನೋಟದಲ್ಲಿದ್ದದ್ದು ಸಿಟ್ಟಲ್ಲ. ಅನ್ನದಲ್ಲಿ ಹುಳು ಕಂಡಾಗ ನೋಡುತ್ತೇವಲ್ಲ, ಹಾಗೆ.

“ಹೌದ್ರಿ, ನಮ್ಮ ಕೂಸ ರೀ” ಎಂದಳು. “ಬಾ ನನ್ನವ್ವಾ” ಎಂದು ಎತ್ತಿ ಹೆಗಲಿಗೆ ಹಾಕಿಕೊಂಡು ಹೋದಳು. ಮಕ್ಕಳಿಲ್ಲದ ಆ ಹೆಂಗಸು, ಪಾಪ ಮಾಡಿದವಳೆಂಬ ಮಾತನ್ನು ನನ್ನ ಪರವಾಗಿ ತಲೆಯ ಮೇಲೆ ಹೊತ್ತು ಹೋದಳು.

ಸಂಬಂಧ ಅಲ್ಲೇ ಕುದುರಿತು. ಬೀಗರು ಹೋದ ಮೇಲೆ ಮಗುವನ್ನು ಕರೆತರಲು ಮೇಲೆ ಹೋದೆ. ಮಹಾದೇವಿ ಬಾಗಿಲಲ್ಲೇ ನಿಂತು, ಒಳಗೆ ಕೇಳಿಸದ ಹಾಗೆ ಹೇಳಿದಳು: “ಅಕ್ಕಾರ, ಇನ್ನೊಮ್ಮಿ ಬ್ಯಾಡ ಅನಸಿದ್ರ ನನಗ ಕೊಟ್ಟಬಿಡ್ರಿ.” ನನಗೆ ಸಿಟ್ಟು ಬಂತು. ಬಾಡಿಗೆಗೆ ಇರುವವಳು, ಎಷ್ಟು ಕೊಬ್ಬು ಎಂದುಕೊಂಡೆ. ಕೆಲವು ತಿಂಗಳಿಗೆ ಅವರು ಮನೆ ಬಿಟ್ಟು ಬೇರೆ ಕಡೆ ಹೋದರು. ನಾನು ತಡೆಯಲಿಲ್ಲ.

ಇದೆಲ್ಲಕ್ಕಿಂತ ಹೊಲಸು ಕೆಲಸ ಅವತ್ತು ಸಂಜೆಯದು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಾಕೊಲೇಟ್ ಬಿಚ್ಚಿ ಬಾಯಿಗಿಟ್ಟು, “ಎಷ್ಟು ಜಾಣೆ ನನ್ ಬಂಗಾರ! ಅಪ್ಪಂಗೆ ಹೇಳ್ಬೇಡ, ಆಯ್ತಾ? ಅದು ನಮ್ಮಿಬ್ರ ಆಟ” ಎಂದೆ. ಕ್ಷಮೆ ಕೇಳಬಹುದಾಗಿತ್ತು. ಐದು ವರ್ಷದ ಮಗುವಿಗೆ ಅಮ್ಮ ತಪ್ಪು ಮಾಡಿದೆ ಕಂದಾ ಎನ್ನಲು ಎಷ್ಟು ಹೊತ್ತು ಬೇಕು? ನಾನು ಬಹುಮಾನ ಕೊಟ್ಟೆ. ಅವಳು ಚಾಕೊಲೇಟ್ ಚೀಪುತ್ತಾ ತಲೆಯಾಡಿಸಿದಳು. ಜಾಣೆಯಲ್ಲವೇ, ಒಂದೇ ಸಲಕ್ಕೆ ಕಲಿತುಬಿಟ್ಟಳು.

ಕಲಿತಳು ಎಂದು ನನಗೆ ತಿಳಿದದ್ದು ಬಸವೇಶ್ವರನಗರದ ಫಿಸಿಯೋಥೆರಪಿ ಸೆಂಟರಿನಲ್ಲಿ. ಹೊಸದಾಗಿ ಬಂದ ಥೆರಪಿಸ್ಟ್ ಹುಡುಗಿ ಅವಳ ಗಲ್ಲ ಮುಟ್ಟಿ, “ಯಾರ ಜೊತೆ ಬಂದೆ ಪುಟ್ಟಾ?” ಎಂದು ಕೇಳಿದಳು. ಸಿಂಚನಾ ನನ್ನ ಮುಖ ನೋಡಿದಳು. ಬಗ್ಗು ಎಂದು ಸನ್ನೆ ಮಾಡಿ ಕಿವಿಯಲ್ಲಿ ಕೇಳಿದಳು:

“ಇವ್ರ ಹತ್ರ ಅಮ್ಮ ಅನ್ಬಹುದಾ?”

ಆ ಕ್ಷಣ ಅವಳನ್ನು ಎದೆಗೆ ಒತ್ತಿಕೊಂಡಿದ್ದರೆ, ಅಲ್ಲೇ ಕುಸಿದು ಅತ್ತಿದ್ದರೆ — ಏನೋ ಒಂದು ಉಳಿಯುತ್ತಿತ್ತೇನೋ. ನಾನು ಜೋರಾಗಿ ನಕ್ಕೆ. “ಏನೇನೋ ಆಟ ಇವಳದು ಮೇಡಂ” ಎಂದೆ. ಥೆರಪಿಸ್ಟ್ ಕೂಡ ನಕ್ಕಳು. ಸಿಂಚನಾ ನಗಲಿಲ್ಲ. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲವಲ್ಲ, ಹಾಗಾಗಿ ಅಂದು ಪೂರ್ತಿ ನನ್ನನ್ನು ಏನೂ ಕರೆಯಲಿಲ್ಲ.

ಆಮೇಲೆ ಅವಳೇ ಒಂದು ಉಪಾಯ ಮಾಡಿಕೊಂಡಳು. ಮನೆಗೆ ಹೊರಗಿನವರು ಬಂದರೆ ನನ್ನನ್ನು ಅಮ್ಮ ಎನ್ನುತ್ತಿರಲಿಲ್ಲ, ಆಂಟಿ ಎಂದೂ ಎನ್ನುತ್ತಿರಲಿಲ್ಲ. ಸುಮ್ಮನೆ ‘ಬನ್ನಿ’, ‘ನೀರು ಕೊಡಿ’ ಎನ್ನುತ್ತಿದ್ದಳು. ಎರಡಕ್ಕೂ ಹೊಂದುವ ಮಾತು. ಶಿವಣ್ಣ ಖುಷಿಪಟ್ಟರು. “ನೋಡೇ, ಎಷ್ಟ್ ಮರ್ಯಾದೆ ಕಲ್ತಿದಾಳೆ ನನ್ ಮಗಳು” ಎಂದರು. ನಾನು ಅವರ ತಟ್ಟೆಗೆ ಸಾರು ಬಡಿಸಿದೆ.

ರೂಪಳ ಮದುವೆ ವಿಜಯನಗರದ ಛತ್ರವೊಂದರಲ್ಲಿ ಆಯಿತು. ಮಗುವಿಗೆ ಆಯಾಸವಾಗುತ್ತದೆ, ಯಾರ ಹತ್ತಿರವಾದರೂ ಬಿಟ್ಟು ಹೋಗೋಣ ಎಂದು ಆಗಲೂ ಒಂದು ಮಾತು ಎತ್ತಿದ್ದೆ. “ಚಿಕ್ಕಮ್ಮನ ಮದ್ವೆಗೆ ಮಗು ಬೇಡ್ವಾ? ತಲೆ ಕೆಟ್ಟಿದ್ಯಾ ನಿಂಗೆ?” ಎಂದು ಶಿವಣ್ಣ ಗದರಿದರು. ರೇಷ್ಮೆ ಲಂಗ ತೊಡಿಸಿ, ಹೆಗಲ ಮೇಲೆ ಕೂರಿಸಿಕೊಂಡು ಮಂಟಪಕ್ಕೇ ಹತ್ತಿಸಿದರು. ಜಯಮ್ಮನ ಮುಂದೆ ನಿಂತು, “ನಮ್ಮ ಮಗಳು ಅಮ್ಮಾ, ಸಿಂಚನಾ” ಎಂದರು. ಎಷ್ಟು ಸುಲಭವಾದ ಮಾತು!

ಜಯಮ್ಮ ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಊಟದ ಹೊತ್ತಿಗೆ ಕೈ ತೊಳೆಯುವಲ್ಲಿ ನನ್ನ ಪಕ್ಕ ಬಂದು ನಿಂತರು. “ಅವತ್ತೇ ಅನ್ಸಿತ್ತು ಕಣಮ್ಮ. ಮೂಗು ನಿಂದೇ ಅಲ್ವಾ. ಹೋಗ್ಲಿ ಬಿಡು, ಹೆಣ್ಣಿನ ಮದ್ವೆ ಅಂದ್ಮೇಲೆ ಇದೆಲ್ಲ ಮಾಡ್ಬೇಕಾಗುತ್ತೆ. ನಾನೂ ಹೆಣ್ಣೆತ್ತೋಳೇ” ಎಂದು ನನ್ನ ಬೆನ್ನು ತಟ್ಟಿದರು. ಅವರ ಒದ್ದೆ ಕೈ ನನ್ನ ರವಿಕೆಗೆ ಅಂಟಿತು. ಆಗ ನನಗಾದದ್ದು ನಾಚಿಕೆಯಲ್ಲ — ನಿರಾಳ. ಸದ್ಯ, ರಂಪವಾಗಲಿಲ್ಲ ಎಂದು ಹೋಗಿ ಎಲೆಯ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದೆ. ಇಬ್ಬರು ಹೆಂಗಸರು ಒಂದು ಮಗುವನ್ನು ಅಳಿಸಿಹಾಕಿ ರಾಜಿಯಾಗಿದ್ದೆವು. ಅಷ್ಟೇ ಆದದ್ದು. ಯಾರಿಗೂ ಏನೂ ನಷ್ಟವಾಗಲಿಲ್ಲ. ರೂಪ ಕೆಂಗೇರಿಯಲ್ಲಿ ಸುಖವಾಗಿದ್ದಾಳೆ.

ಎರಡು ವರ್ಷದ ಹಿಂದೆ ಅದೇ ಫಿಸಿಯೋ ಸೆಂಟರಿನವರು, ಹೊಸದಾಗಿ ಬರುವ ತಾಯಂದಿರಿಗೆ ಧೈರ್ಯ ಹೇಳಿ ಎಂದು ನನ್ನನ್ನು ಕರೆದರು. ಮೈಕು ಹಿಡಿದು, ‘ಮಕ್ಕಳ ಬಗ್ಗೆ ನಾವೇ ನಾಚಿಕೊಂಡರೆ ಜಗತ್ತು ಹೇಗೆ ಗೌರವ ಕೊಡುತ್ತೆ’ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಒಬ್ಬ ತಾಯಿ ಅತ್ತು ನನ್ನ ಕೈ ಹಿಡಿದುಕೊಂಡಳು. ಮೊದಲ ಸಾಲಿನಲ್ಲಿ ಸಿಂಚನಾ ಕೂತಿದ್ದಳು. ಅವಳೂ ಚಪ್ಪಾಳೆ ತಟ್ಟಿದಳು. ಮನೆಗೆ ಬಂದು ನಾನು ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಬಿಸಿಲು ಜಾಸ್ತಿಯಾಯಿತು ಎಂದು ಹೇಳಿದೆ.

ಈ ವರ್ಷ ಶಿವಣ್ಣನ ಅಕ್ಕನ ಮಗಳು ಮೀನಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಮೀನಾಳ ಮನೆಯವರು ಇರುವುದು ಊರಲ್ಲಿ, ಹುಡುಗ ಬೆಂಗಳೂರಿನವನು, ಹಾಗಾಗಿ ನಮ್ಮ ಮನೆಯಲ್ಲೇ ಏರ್ಪಾಡು. ಯಾರೂ ಏನೂ ಹೇಳಿರಲಿಲ್ಲ. ಆ ಬೆಳಿಗ್ಗೆ ಸಿಂಚನಾ ಪುಸ್ತಕ, ನೀರಿನ ಬಾಟಲಿ ಎತ್ತಿಕೊಂಡು ಹಿಂದಿನ ರೂಮಿಗೆ ಹೋದಳು. ವಾಕರನ್ನು ಮಂಚದ ಹಿಂದೆ ಯಾರಿಗೂ ಕಾಣದ ಹಾಗೆ ಸರಿಸಿಟ್ಟಳು. ಇವತ್ತು ಅದೇನು ಓದು ಮಗಳೇ ಎಂದು ಶಿವಣ್ಣ ಕೇಳಿದರು. ಅವಳು ಒಮ್ಮೆ ನನ್ನ ಕಡೆ ನೋಡಿ, “ಟೆಸ್ಟ್ ಇದೆ ಅಪ್ಪ” ಎಂದಳು. ಟೆಸ್ಟ್ ಇರಲಿಲ್ಲ.

ನಾನು ಒಳಗೆ ಹೋಗಿ, “ಬಾ ಸಿಂಚು, ಎಲ್ಲರ ಜೊತೆ ಕೂತ್ಕೋ” ಎಂದೆ. “ಬೇಡ ಅಮ್ಮ. ಮೀನಕ್ಕಂಗೆ ತೊಂದ್ರೆ ಆಗುತ್ತೆ” ಎಂದಳು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಮನೆಯ ರಿವಾಜು ನನಗೆ ನೆನಪಿಸುವವಳ ಹಾಗೆ ಹೇಳಿದಳು. ಇದು ನಾನು ಬೆಳೆಸಿದ ಮಗು. ಕಾಲು ಹುಟ್ಟಿನಿಂದ ಬಂದದ್ದು. ಇದು ನನ್ನಿಂದ ಬಂದದ್ದು.

ಬಂದವರೆಲ್ಲ ಹೋದ ಮೇಲೆ ಶಿವಣ್ಣನಿಗೆ ಹೇಳಿದೆ. ಎಲ್ಲವನ್ನೂ — ಓವರ್‌ಟೈಮ್, ಬಚ್ಚಲು, ಪೇಪರ್ ತಟ್ಟೆ, ಚಾಕೊಲೇಟ್. ಅವರು ಬೈಯಲಿಲ್ಲ. ಕೂತಲ್ಲೇ ಸ್ವಲ್ಪ ಹಿಂದೆ ಸರಿದರು, ಮೈಗೆ ಏನೋ ತಾಗಿತೆನ್ನುವ ಹಾಗೆ. ಆಮೇಲೆ, “ನಂಗ್ಯಾಕೆ ಹೇಳ್ತೀಯ? ಹೋಗಿ ಅವಳಿಗೆ ಹೇಳು” ಎಂದರು. ಈಗಲೂ ನಾನು ಬಡಿಸಿದ್ದನ್ನು ಅವರು ಉಣ್ಣುವುದಿಲ್ಲ. ತಾವೇ ಬಡಿಸಿಕೊಳ್ಳುತ್ತಾರೆ.

ಮಾರನೆಯ ದಿನ ಸಿಂಚನಾ ಸ್ಕೂಲಿನಿಂದ ಬಂದು ಬ್ರೇಸ್ ಬಿಚ್ಚುತ್ತಿದ್ದಳು. ಪಟ್ಟಿ ಒತ್ತಿ ಮೊಣಕಾಲ ಕೆಳಗೆ ಕೆಂಪಾಗಿತ್ತು. ಎದುರಿಗೆ ನೆಲದ ಮೇಲೆ ಕೂತು ಕೇಳಿದೆ: “ಕೆಂಗೇರಿಯವರು ಚಿಕ್ಕಮ್ಮನ್ನ ನೋಡೋಕೆ ಬಂದಿದ್ದು ನಿಂಗೆ ನೆನಪಿದ್ಯಾ?”

“ಹೂಂ.”

“ನಾನು ಹೇಳಿದ್ದೂ?”

“ಹೂಂ.” ತಲೆ ಎತ್ತಲಿಲ್ಲ. ಆಮೇಲೆ ಅವಳೇ, ನನ್ನ ಕಷ್ಟ ನೋಡಲಾರದೆ ಎಂಬಂತೆ ಹೇಳಿದಳು: “ಚಿಕ್ಕಮ್ಮಂಗೆ ಮದ್ವೆ ಆಗ್ಲಿ ಅಂತ ತಾನೇ ಅಮ್ಮ? ಪರ್ವಾಗಿಲ್ಲ ಬಿಡು.”

ಕಾರಣವನ್ನು ಅವಳೇ ಹುಡುಕಿ, ಒರೆಸಿ, ನನ್ನ ಕೈಗೆ ಕೊಡುತ್ತಿದ್ದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು — ಆ ‘ಹೌದು’ ನಾಲಿಗೆಯ ತುದಿಯವರೆಗೆ ಬಂದಿತ್ತು.

“ಅಲ್ಲ ಕಂದಾ” ಎಂದೆ. “ಚಿಕ್ಕಮ್ಮ ಒಂದು ನೆಪ. ನೀನು ತೆವಳ್ಕೊಂಡು ಬಂದಾಗ ಎಲ್ಲರೂ ನೋಡಿದ್ರಲ್ಲ, ಆಗ ನಂಗೆ ನಾಚಿಕೆ ಆಯ್ತು. ನಿನ್ ಕಾಲು ನೋಡಿ. ನೀನು ನನ್ ಮಗಳು ಅಂತ ಅವ್ರಿಗೆ ಗೊತ್ತಾಗೋದು ನಂಗೆ ಬೇಕಾಗಿರ್ಲಿಲ್ಲ.”

ಅವಳ ಕೈ ಪಟ್ಟಿಯ ಮೇಲೆ ನಿಂತಿತು. “ಈಗ್ಲೂ ಆಗುತ್ತಾ?”

ಇಲ್ಲ ಎನ್ನಬೇಕಿತ್ತೇನೋ. ಆದರೆ ಇನ್ನೊಂದು ಸುಳ್ಳು — “ಒಂದೊಂದ್ಸಲ” ಎಂದೆ.

ಅವಳು ಬ್ರೇಸನ್ನು ಗೋಡೆಗೆ ಒರಗಿಸಿಟ್ಟಳು. ಮಂಚದ ಅಂಚು ಹಿಡಿದು ಮೇಲೆದ್ದು, ಮಲಗಿ, ಗೋಡೆಯ ಕಡೆ ತಿರುಗಿಕೊಂಡಳು. “ಹೊರಗೆ ಹೋಗು” ಎಂದಳು.

ಹೊರಗೆ ಬಂದೆ. ಅಂದಿನಿಂದ ಅವಳು ಅಗತ್ಯವಿದ್ದಷ್ಟೇ ಮಾತಾಡುತ್ತಾಳೆ. ಬೆಳಿಗ್ಗೆ ಕಾಲು ಬಿಡಿಸಲು ಅಪ್ಪನನ್ನು ಕರೆಯುತ್ತಾಳೆ. ನನ್ನ ಕೈ ಮುಟ್ಟಿದರೆ ಕಾಲು ಇನ್ನಷ್ಟು ಬಿಗಿದುಕೊಳ್ಳುತ್ತದೆ, ನಾನೇ ನೋಡಿದ್ದೇನೆ. ನಾನು ಕ್ಷಮೆ ಕೇಳಿಲ್ಲ. ಕೇಳುವುದೂ ಇಲ್ಲ. ಕೇಳಿದರೆ ಅವಳು ಕೊಟ್ಟುಬಿಡುತ್ತಾಳೆ — ನನಗೆ ಬೇಕಾದದ್ದನ್ನು ನಾನು ಕೇಳುವ ಮೊದಲೇ ಕೊಟ್ಟು ಅವಳಿಗೆ ಅಭ್ಯಾಸ. ಇನ್ನು ಅವಳಿಂದ ನಾನು ಏನನ್ನೂ ತೆಗೆದುಕೊಳ್ಳಬಾರದು. ಅವಳು ಸಿಟ್ಟಾಗಿರಲಿ, ಎಷ್ಟು ದಿನ ಬೇಕೋ ಅಷ್ಟು ದಿನ ಇರಲಿ. ಅದು ಅವಳದು.